ಸಂದರ್ಶನಕ್ಕೆ ಕರೆದವರು ಉತ್ತರವನ್ನೂ ಕೊಡಬೇಕು: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹೊಣೆ ಹೊತ್ತವರಿಗೆ,
ಮತ್ತು ಕರ್ನಾಟಕ ಸರ್ಕಾರದ ಕಾರ್ಮಿಕ ಇಲಾಖೆಗೆ,

ಮಾನ್ಯರೇ, ನಮಸ್ಕಾರ.

ಕಳೆದ ವರ್ಷ ಹೊರ ವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಸೀನಿಯರ್ ಬ್ಯಾಕೆಂಡ್ ಇಂಜಿನಿಯರ್ ಕೆಲಸಕ್ಕೆ ನಾನು ಸಂದರ್ಶನ ಕೊಟ್ಟೆ. ಕೊನೆಯ ರೌಂಡ್ ಮುಗಿದಾಗ ಎಚ್‌ಆರ್ ಕಡೆಯವರು "ಎರಡು ದಿನದಲ್ಲಿ ತಿಳಿಸುತ್ತೇವೆ" ಎಂದರು. ಇವತ್ತಿನವರೆಗೂ ತಿಳಿಸಿಲ್ಲ. ಸೆಲೆಕ್ಟ್ ಆಗಿಲ್ಲ ಎಂದೂ ಹೇಳಿಲ್ಲ. ಆ ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಒಂದು ಕಂಪನಿಯ ಮೇಲಿನ ದೂರಾಗಿಬಿಡುತ್ತದೆ. ಉಳಿದವರು ನಮಗಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಈ ಊರಿನಲ್ಲಿ ಕೆಲಸ ಬದಲಿಸಲು ಹೊರಟ ಯಾವ ಇಂಜಿನಿಯರನ್ನು ಕೇಳಿದರೂ ಇಂಥದ್ದೇ ಒಂದು ಅನುಭವ ಹೇಳುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಒಬ್ಬರನ್ನು ಸಂದರ್ಶನಕ್ಕೆ ಕರೆದ ಮೇಲೆ, ಅವರ ಸಮಯ ತೆಗೆದುಕೊಂಡ ಮೇಲೆ, ಹೌದು ಅಥವಾ ಇಲ್ಲ ಎಂದು ಹೇಳುವುದು ನಿಮ್ಮ ಕರ್ತವ್ಯ ಆಗಬೇಕು. ಈಗ ಅದು ನಿಮ್ಮ ಮರ್ಜಿಗೆ ಬಿಟ್ಟ ವಿಷಯವಾಗಿದೆ. ಅದಕ್ಕೇ ಇಷ್ಟೆಲ್ಲ ಬರೆಯಬೇಕಾಗಿ ಬಂತು.

ಹೇಗೆ ನಡೆಯಿತು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಮೇಲಿನ ಸ್ಥಾನದಲ್ಲಿರುವವರು ಇದನ್ನು ಈ ಕಡೆಯಿಂದ ನೋಡಿ ಬಹಳ ವರ್ಷ ಆಗಿರಬಹುದು.

ಮೊದಲ ಫೋನ್ ಬಂದಿದ್ದು ಒಂದು ಕನ್ಸಲ್ಟೆನ್ಸಿಯಿಂದ. ಒಟ್ಟು ಅನುಭವ ಎಷ್ಟು, ಜಾವಾದಲ್ಲಿ ಎಷ್ಟು, ಈಗಿನ ಸಿಟಿಸಿ, ಅಂದರೆ ವರ್ಷದ ಒಟ್ಟು ಸಂಬಳ ಎಷ್ಟು, ಎಷ್ಟು ನಿರೀಕ್ಷೆ ಇದೆ, ನೋಟಿಸ್ ಪೀರಿಯಡ್ ಎಷ್ಟು ದಿನ, ಕೈಯಲ್ಲಿ ಬೇರೆ ಆಫರ್ ಇದೆಯಾ. ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: ಈ ಹುದ್ದೆಗೆ ಬಜೆಟ್ ಎಷ್ಟಿದೆ? "ಮಾರ್ಕೆಟ್ ಪ್ರಕಾರ ಕೊಡ್ತಾರೆ ಮೇಡಂ" ಎಂಬ ಉತ್ತರ ಬಂತು. ನನ್ನ ಸಂಬಳ ಅವರಿಗೆ ಪೈಸೆ ಸಮೇತ ಗೊತ್ತಾಯಿತು. ಅವರ ಬಜೆಟ್ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆಮೇಲೆ ಆನ್‌ಲೈನ್ ಟೆಸ್ಟ್. ಕ್ಯಾಮೆರಾ ಆನ್ ಇರಬೇಕು, ಬೇರೆ ಟ್ಯಾಬ್‌ಗೆ ಹೋಗಬಾರದು, ಕೋಣೆಯಲ್ಲಿ ಬೇರೆ ಯಾರೂ ಕಾಣಿಸಬಾರದು. ಎರಡು ಕೋಣೆಯ ಮನೆಯಲ್ಲಿ ಅತ್ತೆ ಮಾವ, ಪುಟ್ಟ ಮಗಳು ಇರುವಾಗ ಇದನ್ನು ಪಾಲಿಸುವುದು ಸುಲಭವಲ್ಲ. ಪಿಜಿಯಲ್ಲಿ ಮೂವರ ಜೊತೆ ರೂಮ್ ಹಂಚಿಕೊಂಡಿರುವ ಹುಡುಗರಿಗೆ ಇನ್ನೂ ಕಷ್ಟ.

ಟೆಸ್ಟ್ ಪಾಸಾದ ಮೇಲೆ ಮನೆಯಲ್ಲಿ ಮಾಡಿಕೊಡಲು ಒಂದು ಅಸೈನ್‌ಮೆಂಟ್ ಕಳಿಸಿದರು. ಗ್ರಾಹಕರಿಗೆ ದುಡ್ಡು ವಾಪಸ್ ಕೊಡುವ ರೀಫಂಡ್ ಸರ್ವಿಸ್ ಒಂದನ್ನು ಬರೆಯಬೇಕಿತ್ತು. ಎಪಿಐ, ಡೇಟಾಬೇಸ್, ಟೆಸ್ಟ್‌ಗಳು, ಡಾಕರ್ ಫೈಲ್, ಜೊತೆಗೆ ಯಾಕೆ ಹೀಗೆ ಮಾಡಿದೆ ಎಂದು ವಿವರಿಸುವ ಟಿಪ್ಪಣಿ. "ನಾಲ್ಕು ಗಂಟೆ ಸಾಕು" ಎಂದು ಮೇಲ್‌ನಲ್ಲಿ ಇತ್ತು. ಈ ಕೆಲಸ ಗೊತ್ತಿರುವ ಯಾರೂ ಅದನ್ನು ನಾಲ್ಕು ಗಂಟೆಯಲ್ಲಿ ಮುಗಿಸಲಾರರು, ಅದನ್ನು ಬರೆದವರಿಗೂ ಅದು ಗೊತ್ತಿರುತ್ತದೆ. ಶನಿವಾರ, ಭಾನುವಾರ ಎರಡೂ ಹೋದವು. ನಾದಿನಿಯ ಮನೆ ಗೃಹಪ್ರವೇಶಕ್ಕೆ ಮನೆಯವರೆಲ್ಲ ಹೋದರು, ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. ಒಂದೇ ರೀಫಂಡ್ ಕೋರಿಕೆ ಎರಡು ಸಲ ಬಂದರೆ ದುಡ್ಡು ಎರಡು ಸಲ ಹೋಗದ ಹಾಗೆ ನೋಡಿಕೊಳ್ಳುವುದು ಅದರಲ್ಲಿ ಕಷ್ಟದ ಭಾಗ. ಅದನ್ನು ಚೆನ್ನಾಗಿ ಮಾಡಿದ್ದೆ. ನನಗೆ ಖುಷಿ ಕೊಟ್ಟ ಕೆಲಸ ಅದು.

ಮುಂದಿನ ರೌಂಡ್‌ನಲ್ಲಿ ಬಂದವರು ಅದನ್ನು ತೆರೆದೇ ನೋಡಿರಲಿಲ್ಲ. "ಅಸೈನ್‌ಮೆಂಟ್ ಇತ್ತಾ? ಪರವಾಗಿಲ್ಲ, ನಾವು ಒಂದು ಪ್ರಾಬ್ಲಂ ಮಾಡೋಣ" ಎಂದರು. ಅವರ ಕ್ಯಾಮೆರಾ ಆಫ್ ಆಗಿತ್ತು. ನಾನು ಮಾತಾಡುವಾಗ ಆ ಕಡೆಯಿಂದ ಕೀಬೋರ್ಡ್ ಸದ್ದು ಕೇಳಿಸುತ್ತಿತ್ತು. ನಾನು ಟೈಪ್ ಮಾಡದೆ ಯೋಚಿಸುತ್ತಿದ್ದಾಗಲೂ ಆ ಸದ್ದು ನಿಲ್ಲಲಿಲ್ಲ.

ಎಲ್ಲ ರೌಂಡ್‌ಗಳೂ ಹೀಗಿರಲಿಲ್ಲ, ಅದನ್ನೂ ಹೇಳಬೇಕು. ಸಿಸ್ಟಮ್ ಡಿಸೈನ್ ರೌಂಡ್‌ನಲ್ಲಿ ಬಂದ ಇಂಜಿನಿಯರ್ ತುಂಬಾ ಒಳ್ಳೆಯವರು. ಊಟ ತರುವ ಹುಡುಗ ಈಗ ಎಲ್ಲಿದ್ದಾನೆ ಎಂದು ಗ್ರಾಹಕರಿಗೆ ಮ್ಯಾಪ್‌ನಲ್ಲಿ ತೋರಿಸುವ ವ್ಯವಸ್ಥೆಯನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳಿದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಎಲ್ಲಿ ಒಪ್ಪಲಿಲ್ಲವೋ ಅಲ್ಲಿ ಕಾರಣ ಕೊಟ್ಟರು. ಫೋನಿನ ನೆಟ್‌ವರ್ಕ್ ಹೋದಾಗ ಏನಾಗುತ್ತದೆ ಎಂದು ಇಬ್ಬರೂ ಸೇರಿ ಯೋಚಿಸಿದೆವು. ಇಬ್ಬರು ಸಹೋದ್ಯೋಗಿಗಳು ಬೋರ್ಡ್ ಮುಂದೆ ನಿಂತು ಮಾತಾಡಿದ ಹಾಗಿತ್ತು. ಆ ಒಂದು ಗಂಟೆಯಿಂದ ನನ್ನ ಬಗ್ಗೆ ಅವರಿಗೆ ಏನು ಬೇಕೋ ಅದು ತಿಳಿದಿರುತ್ತದೆ. ನನಗೂ ಆ ತಂಡದ ಬಗ್ಗೆ ತಿಳಿಯಿತು. ಅಲ್ಲಿ ಕೆಲಸ ಮಾಡಬೇಕು ಅನ್ನಿಸಿದ್ದು ಆಗಲೇ.

ಆದರೆ ರೌಂಡ್‌ಗಳು ಮುಗಿಯಲಿಲ್ಲ. ಮ್ಯಾನೇಜರ್ ಆಯಿತು. ಡೈರೆಕ್ಟರ್ ಪ್ರಯಾಣದಲ್ಲಿದ್ದಾರೆ ಎಂದು ಕಾಯಿಸಿದರು. ನಾನು ಅರ್ಧ ದಿನ ರಜೆ ಹಾಕಿ ಕೂತಿದ್ದಾಗ, ಹತ್ತು ನಿಮಿಷ ಮೊದಲು ಮೀಟಿಂಗ್ ಬೇರೆ ದಿನಕ್ಕೆ ಹೋಯಿತು. ರಜೆ ವಾಪಸ್ ಬರಲಿಲ್ಲ. ಆಮೇಲೆ ಇನ್ನೊಂದು ತಂಡದವರು ಬಂದು "ಇದೇ ಕೊನೆಯದು" ಎಂದರು, ಅದೂ ಕೊನೆಯದಾಗಲಿಲ್ಲ. ಕೆಲಸದಲ್ಲಿರುವವರು ಈ ರೌಂಡ್‌ಗಳನ್ನು ಎಲ್ಲಿ ಕೂತು ಕೊಡುತ್ತಾರೆ ಎಂದು ನೀವು ಯೋಚಿಸಿದ್ದೀರಾ? ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು. ಕಾರಿಲ್ಲದವರು ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲಿ ಉಳಿಯುತ್ತಾರೆ. ಪ್ರತಿ ಹೊಸ ರೌಂಡ್ ಎಂದರೆ ಇನ್ನೊಂದು ಸುಳ್ಳು.

ಕೊನೆಗೆ ಎಚ್‌ಆರ್ ಮಾತುಕತೆ. ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಎಲ್ಲವನ್ನೂ ಅಪ್‌ಲೋಡ್ ಮಾಡಿಸಿಕೊಂಡರು. ಇಷ್ಟು ಕೇಳಿದ್ದಾರೆ ಎಂದರೆ ಆಯಿತು ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ. ಅಲ್ಲಿಗೆ ಮಾತು ನಿಂತಿತು. ಮೇಲ್ ಮಾಡಿದೆ. ಮೆಸೇಜ್ ಮಾಡಿದೆ, ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಕನ್ಸಲ್ಟೆನ್ಸಿಯವರು "ನಮಗೂ ಫೀಡ್‌ಬ್ಯಾಕ್ ಬಂದಿಲ್ಲ" ಎಂದರು. ಸ್ವಲ್ಪ ದಿನದ ಮೇಲೆ ಅದೇ ಹುದ್ದೆಯ ಜಾಹೀರಾತು ಮತ್ತೆ ಕಾಣಿಸಿತು, ತುರ್ತಾಗಿ ಜನ ಬೇಕಾಗಿದ್ದಾರೆ ಎಂದು.

ಆಯ್ಕೆ ಆಗದಿದ್ದಕ್ಕೆ ನನಗೆ ಸಿಟ್ಟಿಲ್ಲ. ನನಗಿಂತ ಚೆನ್ನಾಗಿ ಮಾಡುವವರು ಸಿಕ್ಕಿರಬಹುದು, ಹುದ್ದೆಯೇ ರದ್ದಾಗಿರಬಹುದು. ಅದನ್ನು ಒಂದು ಸಾಲಿನಲ್ಲಿ ಬರೆದು ತಿಳಿಸಬಹುದಿತ್ತು, ಅಲ್ವಾ? ಕೈಯಲ್ಲಿದ್ದ ಇನ್ನೊಂದು ಆಫರ್‌ಗೆ ಏನು ಹೇಳಬೇಕೆಂದು ತಿಳಿಯದೆ ನಾನು ದಿನ ದೂಡಿದೆ. ಆ ಆಫರ್ ಕೊಟ್ಟವರು ಕಾದು ಕಾದು ಬೇರೆಯವರನ್ನು ತೆಗೆದುಕೊಂಡರು. ನನಗೆ ಆಗ ಒಂದು ಕೆಲಸ ಇತ್ತು, ತಿಂಗಳ ಸಂಬಳ ಬರುತ್ತಿತ್ತು. ಲೇಆಫ್ ಆಗಿ ಮನೆಯಲ್ಲಿರುವವರನ್ನು ನೆನೆಸಿಕೊಳ್ಳಿ. ಹೋಮ್ ಲೋನ್ ಇಎಂಐ ಕಟ್ಟಬೇಕು, ಸ್ಕೂಲ್ ಫೀ ಕಟ್ಟಬೇಕು, ಊರಿಂದ ಅಮ್ಮ ದಿನಾ ಫೋನ್ ಮಾಡಿ "ಏನಾಯ್ತು" ಎಂದು ಕೇಳುತ್ತಾರೆ. ಏನಾಯಿತು ಎಂದು ಅವರಿಗೇ ಗೊತ್ತಿಲ್ಲ.

ಯಾಕೆ ಹೀಗಾಗುತ್ತದೆ ಎಂದು ಬಹಳ ಯೋಚಿಸಿದ್ದೇನೆ. ನಿಮ್ಮಲ್ಲಿ ಜನ ಕೆಟ್ಟವರು ಎಂದು ನಾನು ನಂಬುವುದಿಲ್ಲ. ಅಭ್ಯರ್ಥಿಯ ಸಮಯಕ್ಕೆ ನಿಮ್ಮ ಲೆಕ್ಕದಲ್ಲಿ ಬೆಲೆ ಇಲ್ಲ, ಅಷ್ಟೇ ಕಾರಣ. ಇನ್ನೊಂದು ರೌಂಡ್ ಸೇರಿಸಿದರೆ ಕಂಪನಿಗೆ ಹೋಗುವುದು ತನ್ನ ಒಬ್ಬ ಇಂಜಿನಿಯರ್‌ನ ಒಂದು ಗಂಟೆ. ಅಭ್ಯರ್ಥಿಗೆ ಹೋಗುವುದು ಒಂದು ದಿನದ ರಜೆ, ಹಿಂದಿನ ಎರಡು ರಾತ್ರಿಯ ನಿದ್ದೆ. ಉತ್ತರ ಕೊಡದೆ ಬಿಟ್ಟರೆ ಕಂಪನಿಗೆ ಏನೂ ನಷ್ಟವಿಲ್ಲ. ಬದಲಿಗೆ, ಮೊದಲು ಆಯ್ಕೆಯಾದವರು ಬರದಿದ್ದರೆ ಎರಡನೆಯವರು ಕೈಯಲ್ಲಿರುತ್ತಾರೆ. ನಷ್ಟವಿಲ್ಲದ ಕಡೆ ಅಭ್ಯಾಸ ತಾನಾಗಿ ಬದಲಾಗುವುದಿಲ್ಲ.

ರೌಂಡ್‌ಗಳು ಜಾಸ್ತಿ ಆದಷ್ಟೂ ಆಯ್ಕೆ ಚೆನ್ನಾಗಿರುತ್ತದೆ ಎಂದು ನೀವು ಹೇಳಬಹುದು. ಗೂಗಲ್ ಕಂಪನಿ ತನ್ನದೇ ಹಳೆಯ ಸಂದರ್ಶನಗಳ ಲೆಕ್ಕ ತೆಗೆದು ನೋಡಿತ್ತು. ನಾಲ್ಕು ಸಂದರ್ಶನ ಆಗುವಷ್ಟರಲ್ಲಿ ಒಬ್ಬರನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು 86% ವಿಶ್ವಾಸದಿಂದ ಹೇಳಬಹುದು, ಆಮೇಲಿನ ಸಂದರ್ಶನಗಳಿಂದ ಸಿಗುವುದು ತೀರಾ ಕಡಿಮೆ ಎಂದು ಅದು ಪ್ರಕಟಿಸಿತು. ಅಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್, ಒಗಟಿನಂಥ ಪ್ರಶ್ನೆಗಳಿಂದ ಏನೂ ಪ್ರಯೋಜನವಿಲ್ಲ ಎಂದು 2013ರಲ್ಲೇ ಪತ್ರಿಕೆಗೆ ಹೇಳಿದ್ದರು. ನಮ್ಮ ಕಂಪನಿಗಳು ಆ ಕಂಪನಿಯ ಕಠಿಣ ಪ್ರಶ್ನೆಗಳನ್ನು ತಂದವು. ಎಲ್ಲಿ ನಿಲ್ಲಿಸಬೇಕು ಎಂದು ಅದು ಕಲಿತದ್ದನ್ನು ತರಲಿಲ್ಲ.

ಇನ್ನು ಕೋಡಿಂಗ್ ರೌಂಡ್‌ನಲ್ಲಿ ಕೇಳುವ ಪಝಲ್‌ನಂಥ ಪ್ರಶ್ನೆಗಳ ವಿಷಯ. ಬೈನರಿ ಟ್ರೀ ತಿರುಗಿಸಿ, ಈ ಸ್ಟ್ರಿಂಗ್‌ನಲ್ಲಿ ಉದ್ದದ ಪ್ಯಾಲಿಂಡ್ರೋಮ್ ಹುಡುಕಿ, ಎಲ್‌ಆರ್‌ಯು ಕ್ಯಾಶ್ ಬರೆಯಿರಿ. ಇವು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕಾಲೇಜಿನಿಂದ ಈಗ ತಾನೇ ಬಂದವರಿಗೆ ಕೇಳಿ. ಆದರೆ ಹತ್ತು ವರ್ಷ ಕೆಲಸ ಮಾಡಿದವರು ದಿನಾ ಮಾಡುವ ಕೆಲಸ ಬೇರೆ. ಮಧ್ಯರಾತ್ರಿ ಅಲರ್ಟ್ ಬಂದಾಗ ಲಾಗ್ ಓದಿ ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತಾರೆ. ಒಂದು ಕ್ವೆರಿ ಯಾಕೆ ನಿಧಾನ ಎಂದು ನೋಡಿ ಸರಿಯಾದ ಇಂಡೆಕ್ಸ್ ಹಾಕುತ್ತಾರೆ. ಕಿರಿಯರು ಬರೆದ ಕೋಡ್ ಓದಿ, ಮನಸ್ಸಿಗೆ ನೋವಾಗದ ಹಾಗೆ ತಪ್ಪು ತೋರಿಸುತ್ತಾರೆ. ಇದ್ಯಾವುದನ್ನೂ ನಲವತ್ತೈದು ನಿಮಿಷದ ಪಝಲ್ ಅಳೆಯುವುದಿಲ್ಲ. ಅದು ಅಳೆಯುವುದು ಕಳೆದ ಮೂರು ತಿಂಗಳು ರಾತ್ರಿ ಕೂತು ಲೀಟ್‌ಕೋಡ್ ಎಂಬ ವೆಬ್‌ಸೈಟ್‌ನಲ್ಲಿ ಇಂಥ ಪಝಲ್ ಅಭ್ಯಾಸ ಮಾಡಲು ಯಾರಿಗೆ ಬಿಡುವಿತ್ತು ಎಂಬುದನ್ನು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ, ಹುಷಾರಿಲ್ಲದ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರಿಗೆ ಆ ಬಿಡುವು ಇರುವುದಿಲ್ಲ.

ಇದಕ್ಕೆ ಸಂಬಂಧಿಸಿದ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು ಅದನ್ನು 2020ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ 48 ವಿದ್ಯಾರ್ಥಿಗಳಿಗೆ ಬೋರ್ಡ್ ಮೇಲೆ ಬಿಡಿಸುವ ಒಂದು ಪ್ರಾಬ್ಲಂ ಕೊಟ್ಟರು. ಕೆಲವರು ಸಂದರ್ಶಕರ ಮುಂದೆ ನಿಂತು, ಯೋಚನೆಯನ್ನು ಬಾಯಲ್ಲಿ ಹೇಳುತ್ತಾ ಬಿಡಿಸಬೇಕು. ಉಳಿದವರು ಅದೇ ಪ್ರಾಬ್ಲಂ ಅನ್ನು ಒಂದು ಕೋಣೆಯಲ್ಲಿ ಒಬ್ಬರೇ ಬಿಡಿಸಬೇಕು. ಯಾರೋ ನೋಡುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಜನರ ಸಾಧನೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಸಂದರ್ಶಕರ ಮುಂದೆ ಬಿಡಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ. ಒಬ್ಬರೇ ಕೂತು ಬಿಡಿಸಿದ ಹೆಣ್ಣುಮಕ್ಕಳು ಎಲ್ಲರೂ ಪಾಸಾದರು. ಚಿಕ್ಕ ಅಧ್ಯಯನ, ನಿಜ. ಆದರೂ ನಾವು ಪರೀಕ್ಷಿಸುತ್ತಿರುವುದು ಕೋಡ್ ಬರೆಯುವ ಶಕ್ತಿಯನ್ನೋ, ನಾಲ್ಕು ಜನರ ಮುಂದೆ ಗಾಬರಿಯಾಗದೆ ನಿಲ್ಲುವ ಶಕ್ತಿಯನ್ನೋ ಎಂದು ಅದು ಕೇಳುತ್ತದೆ. ಈ ಪ್ರಶ್ನೆಗೆ ನಿಮ್ಮಲ್ಲಿ ಒಬ್ಬರಾದರೂ ಉತ್ತರ ಕೊಡಬೇಕು.

ಹೆಣ್ಣುಮಕ್ಕಳ ಮಾತು ಬಂತು, ಒಂದು ಮಾತು ಹೇಳಿಬಿಡುತ್ತೇನೆ. "ಮದುವೆ ಆಗಿದೆಯಾ? ಮಗು ಎಷ್ಟು ವರ್ಷದ್ದು? ಮನೆಯಲ್ಲಿ ನೋಡಿಕೊಳ್ಳೋರು ಇದ್ದಾರಾ?" ಇವನ್ನು ನನಗೆ ಕೇಳಿದ್ದಾರೆ, ನನ್ನ ಗೆಳತಿಯರಿಗೂ ಕೇಳಿದ್ದಾರೆ. ನನ್ನ ಗಂಡನೂ ಇದೇ ಫೀಲ್ಡ್‌ನಲ್ಲಿದ್ದಾರೆ, ಅವರನ್ನು ಯಾರೂ ಕೇಳಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವಾಗ ಗಂಡು ಹೆಣ್ಣು ಎಂದು ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು. ಅದರ ಜಾಗಕ್ಕೆ ಬಂದ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ದಯವಿಟ್ಟು ಈ ಪ್ರಶ್ನೆಗಳನ್ನು ನಿಲ್ಲಿಸಿ.

ನೋಟಿಸ್ ಪೀರಿಯಡ್ ವಿಷಯದಲ್ಲಿ ನೀವು ಎರಡು ಕಡೆಯಿಂದಲೂ ನಮ್ಮನ್ನು ಹಿಡಿದಿದ್ದೀರಿ. ನಿಮ್ಮ ಕಂಪನಿ ಬಿಡುವವರಿಗೆ 90 ದಿನದ ನೋಟಿಸ್. ನಿಮ್ಮ ಕಂಪನಿಗೆ ಬರುವವರು ಮಾತ್ರ ತಕ್ಷಣ, ಹೆಚ್ಚೆಂದರೆ 30 ದಿನದಲ್ಲಿ ಸೇರಬೇಕು. ಹಾಗಾಗಿ ಅನೇಕರು ಕೈಯಲ್ಲಿ ಆಫರ್ ಇಲ್ಲದೆಯೇ ರಾಜೀನಾಮೆ ಕೊಟ್ಟು, ನೋಟಿಸ್ ನಡೆಯುತ್ತಿರುವಾಗ ಕೆಲಸ ಹುಡುಕುತ್ತಾರೆ. ಅಂಥವರಿಗೆ ನೀವು ಉತ್ತರ ಕೊಡದೆ ಕಾಯಿಸುವ ಒಂದೊಂದು ವಾರವೂ ಎಷ್ಟು ಭಾರ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೊತ್ತು ನನ್ನಂಥವರ ಮಾತಾಯಿತು. ಫ್ರೆಶರ್‌ಗಳ ಪಾಡು ಇದಕ್ಕಿಂತ ಕಷ್ಟ. ನನ್ನ ಚಿಕ್ಕಮ್ಮನ ಮಗ ಹೊಸದುರ್ಗದ ಹುಡುಗ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಇಂಜಿನಿಯರಿಂಗ್. ಕ್ಯಾಂಪಸ್‌ಗೆ ಕಂಪನಿಗಳು ಬರಲಿಲ್ಲ. ಬೆಂಗಳೂರಿಗೆ ಬಂದು ಬಸವನಗುಡಿಯ ಒಂದು ಸೆಂಟರ್‌ನಲ್ಲಿ ಜಾವಾ ಫುಲ್ ಸ್ಟ್ಯಾಕ್ ಕೋರ್ಸ್ ಮಾಡಿದ. ದುಡ್ಡು ಮುಗಿದಾಗ ಊರಿಗೆ ಹೋದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಾಕ್-ಇನ್ ಇದೆ ಎಂದು ತಿಳಿದರೆ ಸಾಕು, ರಾತ್ರಿ ಬಸ್ ಹತ್ತಿ ಮೆಜೆಸ್ಟಿಕ್‌ಗೆ ಬರುತ್ತಾನೆ. ಬಸ್ ಸ್ಟ್ಯಾಂಡ್‌ನಲ್ಲೇ ಮುಖ ತೊಳೆದು, ಶರ್ಟ್ ಬದಲಿಸಿ, ಅಲ್ಲಿಂದ ಬಿಎಂಟಿಸಿ ಹಿಡಿಯುತ್ತಾನೆ. ಅವನು ತಲುಪುವ ಹೊತ್ತಿಗೆ ಸಾಲು ಗೇಟ್ ದಾಟಿ ರಸ್ತೆಗೆ ಬಂದಿರುತ್ತದೆ. ಎಷ್ಟೋ ಸಲ ಒಳಗೂ ಬಿಟ್ಟಿಲ್ಲ. ಗೇಟ್ ಹತ್ತಿರವೇ ರೆಸ್ಯೂಮೆ ತೆಗೆದುಕೊಂಡು "ಫೋನ್ ಮಾಡ್ತೀವಿ" ಎಂದು ಕಳಿಸಿದ್ದಾರೆ. ಒಮ್ಮೆ ಒಳಗೆ ಹೋಗಿ ಕೋಡಿಂಗ್ ಟೆಸ್ಟ್ ಪಾಸ್ ಮಾಡಿದ. ಆಮೇಲೆ ಒಂದು ನಿಮಿಷ ಇಂಗ್ಲಿಷ್‌ನಲ್ಲಿ ಮಾತಾಡಬೇಕಿತ್ತು. ಅಲ್ಲಿ ತಡವರಿಸಿದ. "ಕಮ್ಯುನಿಕೇಶನ್ ಸಾಲದು" ಎಂದರು. ಒಂದು ವಿಷಯಕ್ಕೆ ನಾನು ಆ ಕಂಪನಿಯವರನ್ನು ಮೆಚ್ಚುತ್ತೇನೆ. ಅವರು ಕಾರಣ ಹೇಳಿ ಕಳಿಸಿದರು. ಹುಡುಗ ಅವತ್ತಿಂದ ಇಂಗ್ಲಿಷ್ ಮೇಲೆ ಕೆಲಸ ಮಾಡುತ್ತಿದ್ದಾನೆ. ಉಳಿದ ಕಡೆ ತಾನು ಎಲ್ಲಿ ಎಡವಿದೆ ಎಂದು ಅವನಿಗೆ ಗೊತ್ತೇ ಇಲ್ಲ. ಅವನ ಅಪ್ಪ ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ಬಸ್ ಚಾರ್ಜ್ ಕೊಡುತ್ತಾರೆ.

2022ರಲ್ಲಿ ಕ್ಯಾಂಪಸ್‌ನಲ್ಲಿ ಆಫರ್ ಲೆಟರ್ ಪಡೆದ ಸಾವಿರಾರು ಮಕ್ಕಳನ್ನು ಸೇರಿಸಿಕೊಳ್ಳದೆ ಒಂದು ದೊಡ್ಡ ಐಟಿ ಕಂಪನಿ ಎರಡು ವರ್ಷ ಕಾಯಿಸಿದ್ದು ಈ ನಾಡಿನಲ್ಲೇ ದೊಡ್ಡ ಸುದ್ದಿಯಾಯಿತು. ಕೇಂದ್ರ ಕಾರ್ಮಿಕ ಸಚಿವಾಲಯ 2024ರಲ್ಲಿ ನಮ್ಮ ರಾಜ್ಯದ ಕಾರ್ಮಿಕ ಇಲಾಖೆಗೆ ಪತ್ರ ಬರೆಯಬೇಕಾಯಿತು. ಆಫರ್ ಲೆಟರ್ ಕೈಯಲ್ಲಿದ್ದವರ ಕಥೆಯೇ ಹೀಗಿದ್ದರೆ, ಬರೀ ಸಂದರ್ಶನ ಕೊಟ್ಟವರು ಯಾರ ಹತ್ತಿರ ಹೋಗಬೇಕು?

ನಿಮ್ಮ ಕಷ್ಟವೂ ನನಗೆ ಗೊತ್ತು. ನಮ್ಮ ಆಫೀಸಿನಲ್ಲಿ ನಾನೂ ಪ್ಯಾನಲ್‌ನಲ್ಲಿ ಕೂರುತ್ತೇನೆ. ಒಂದು ಹುದ್ದೆಗೆ ನೂರಾರು ರೆಸ್ಯೂಮೆ ಬರುತ್ತವೆ. ಮಾಡದ ಪ್ರಾಜೆಕ್ಟ್ ಬರೆದಿರುತ್ತಾರೆ. ಒಬ್ಬರ ಬದಲು ಇನ್ನೊಬ್ಬರು ಕೂತು ಸಂದರ್ಶನ ಕೊಡುವುದನ್ನು ಕಂಡಿದ್ದೇನೆ. ಈಗಂತೂ ಎಐ ಬರೆದ ಉತ್ತರವನ್ನು ಪಕ್ಕದ ಸ್ಕ್ರೀನ್‌ನಲ್ಲಿ ನೋಡಿ ಓದುವವರೂ ಇದ್ದಾರೆ. ಅದಕ್ಕೇ ಎಷ್ಟೋ ಕಂಪನಿಗಳು ಮತ್ತೆ ಆಫೀಸಿಗೇ ಕರೆದು ಸಂದರ್ಶನ ಮಾಡತೊಡಗಿವೆ. ಅದು ನ್ಯಾಯ. ಆಫರ್ ಒಪ್ಪಿಕೊಂಡು, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡುವವರೂ ಇದ್ದಾರೆ. ಅವರು ಮಾಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಸಂದರ್ಶನ ಮಾಡಿದ ಪ್ರತಿಯೊಬ್ಬರಿಗೂ ನಮ್ಮ ತಂಡ ಉತ್ತರ ಕಳಿಸುತ್ತದೆ. ಕಳಿಸಲು ಹೆಚ್ಚು ಹೊತ್ತು ಬೇಕಾಗಿಲ್ಲ. ಪ್ಯಾನಲ್‌ನವರು ಹೇಗೂ ಅಭಿಪ್ರಾಯ ಬರೆದಿರುತ್ತಾರೆ. ಅದರಲ್ಲಿ ಎರಡು ಸಾಲು ಅಭ್ಯರ್ಥಿಗೆ ಹೋಗುವಂತೆ ಮಾಡಿದ್ದೇವೆ. ಇಲ್ಲ ಎಂದು ಹೇಳಿಸಿಕೊಂಡವರೂ ಥ್ಯಾಂಕ್ಸ್ ಎಂದು ವಾಪಸ್ ಬರೆಯುತ್ತಾರೆ.

ಈಗ ಕಾರ್ಮಿಕ ಇಲಾಖೆಗೆ.

ಕೆಲಸದ ಷರತ್ತುಗಳನ್ನು ಕಂಪನಿಗಳು ಸ್ಪಷ್ಟವಾಗಿ ಬರೆದಿಡಬೇಕು ಎನ್ನುತ್ತಿದ್ದ 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ನಮ್ಮ ಸರ್ಕಾರ ವರ್ಷಗಳಿಂದ ವಿನಾಯಿತಿ ಕೊಡುತ್ತಾ ಬಂತು. 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ದೂರು ಪರಿಹಾರ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಇರಬೇಕು ಎಂಬ ಷರತ್ತುಗಳನ್ನು ಹಾಕಿತು. ಈ ವಿನಾಯಿತಿಯೇ ಬೇಡ ಎಂದು ಐಟಿ ನೌಕರರ ಸಂಘ ಕೆಐಟಿಯು ಹೋರಾಡಿತು. ಅದು ಒಳಗಿರುವವರ ಹೋರಾಟ. ಬಾಗಿಲ ಹೊರಗೆ ನಿಂತಿರುವ ಅಭ್ಯರ್ಥಿಯ ಹೆಸರು ಈ ಆದೇಶಗಳಲ್ಲಿ ಎಲ್ಲೂ ಬರುವುದಿಲ್ಲ. ಅವನು ಇನ್ನೂ ನೌಕರನಲ್ಲ, ಹಾಗಾಗಿ ದೂರು ಕೊಡಲು ಅವನಿಗೆ ಸಮಿತಿಯೂ ಇಲ್ಲ.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮದವರ ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಕೆಲಸ ಯಾರಿಗೆ ಸಿಗಬೇಕು ಎಂದು ಆಗ ನಾಡೆಲ್ಲ ಚರ್ಚೆ ಮಾಡಿತು. ಕೆಲಸ ಕೇಳಲು ಹೋದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಚರ್ಚೆ ಮಾತ್ರ ಆಗಲಿಲ್ಲ. ಇದಕ್ಕೆ ಯಾವ ಉದ್ಯಮದವರೂ ವಿರೋಧ ಮಾಡಲು ಕಾರಣವಿಲ್ಲ. ಇದರಲ್ಲಿ ಕನ್ನಡಿಗರು, ಹೊರಗಿನವರು ಎಂಬ ಪ್ರಶ್ನೆಯೂ ಬರುವುದಿಲ್ಲ.

ಬೇರೆ ಕಡೆ ಇದನ್ನು ಕಾನೂನಾಗಿ ಮಾಡಿದ್ದಾರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಒಂದು ನಿಯಮ ಜಾರಿಗೆ ಬಂದಿದೆ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ, ಜಾಹೀರಾತು ಹಾಕಿದ ಹುದ್ದೆಗೆ ಒಬ್ಬರನ್ನು ಸಂದರ್ಶನ ಮಾಡಿದರೆ, ಕೊನೆಯ ಸಂದರ್ಶನ ಆದ 45 ದಿನದೊಳಗೆ ಆ ಹುದ್ದೆಯ ಬಗ್ಗೆ ನಿರ್ಧಾರ ಆಗಿದೆಯೋ ಇಲ್ಲವೋ ಎಂದು ಅವರಿಗೆ ತಿಳಿಸಲೇಬೇಕು. ಜಾಹೀರಾತಿನಲ್ಲಿ ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಹಾಕಬೇಕು. ಹುದ್ದೆ ನಿಜವಾಗಿ ಖಾಲಿ ಇದೆಯೋ ಎಂದು ಹೇಳಬೇಕು. ಅರ್ಜಿಗಳನ್ನು ಸೋಸಲು ಎಐ ಬಳಸುತ್ತಿದ್ದರೆ ಅದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದಲೇ ಅಭ್ಯರ್ಥಿಯ ಹಳೆಯ ಸಂಬಳ ಕೇಳುವಂತಿಲ್ಲ. ಬೆಂಗಳೂರಿನಲ್ಲಿ ಆಫೀಸ್ ಇರುವ ಎಷ್ಟೋ ಕಂಪನಿಗಳ ಮುಖ್ಯ ಕಚೇರಿ ಇರುವುದು ಅಲ್ಲೇ. ಅಲ್ಲಿ ಪಾಲಿಸುವ ಮರ್ಯಾದೆಯನ್ನು ಇಲ್ಲಿನವರಿಗೂ ಕೊಡಿ ಎಂದು ಕೇಳುವುದು ತಪ್ಪಾ?

ನಮ್ಮ ದೇಶದಲ್ಲೂ ಆಧಾರ ಇಲ್ಲದಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಯಾವ ಉದ್ದೇಶಕ್ಕೆ ಮಾಹಿತಿ ಪಡೆದಿರೋ ಆ ಉದ್ದೇಶ ಮುಗಿದ ಮೇಲೆ ಅದನ್ನು ಅಳಿಸಬೇಕು ಎನ್ನುತ್ತದೆ ಈ ಕಾಯ್ದೆ. ನನ್ನ ಪೇ ಸ್ಲಿಪ್, ಫಾರ್ಮ್ 16, ಪ್ಯಾನ್ ನಂಬರ್ ಆ ಕಂಪನಿಯ ಪೋರ್ಟಲ್‌ನಲ್ಲಿ ಇವೆ. ಸಂದರ್ಶನ ಮುಗಿಯಿತೋ ಇಲ್ಲವೋ ಎಂದೇ ಹೇಳದಿದ್ದರೆ ಉದ್ದೇಶ ಯಾವಾಗ ಮುಗಿಯುತ್ತದೆ?

ಆದ್ದರಿಂದ ಇಲಾಖೆಯಲ್ಲಿ ನನ್ನ ವಿನಂತಿ ಇದು. ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳ ಕಾಲದಲ್ಲಿ ಐಟಿ ಕಂಪನಿಗಳಿಗೆ ಏನೇ ರಿಯಾಯಿತಿ, ವಿನಾಯಿತಿ ಕೊಟ್ಟರೂ ಅದರ ಷರತ್ತುಗಳಲ್ಲಿ ಇದನ್ನೂ ಸೇರಿಸಿ: ಸಂದರ್ಶನಕ್ಕೆ ಬಂದ ಪ್ರತಿಯೊಬ್ಬರಿಗೂ 30 ದಿನದೊಳಗೆ ಲಿಖಿತ ಉತ್ತರ. ಜಾಹೀರಾತಿನಲ್ಲಿ ಸಂಬಳದ ವ್ಯಾಪ್ತಿ ಮತ್ತು ಎಷ್ಟು ರೌಂಡ್ ಇರುತ್ತದೆ ಎಂಬ ಮಾಹಿತಿ. ಒಂದು ದಿನಕ್ಕಿಂತ ಜಾಸ್ತಿ ಹಿಡಿಯುವ ಅಸೈನ್‌ಮೆಂಟ್ ಕೊಟ್ಟರೆ ಅದಕ್ಕೆ ಸಂಭಾವನೆ. ಪಾಲಿಸದಿದ್ದರೆ ಅಭ್ಯರ್ಥಿ ದೂರು ಕೊಡಲು ಒಂದು ಪೋರ್ಟಲ್, ಅದು ಕನ್ನಡದಲ್ಲೂ ಇರಲಿ. ನಿಯಮ ಮಾಡುವ ಮೊದಲು ಕಂಪನಿಯವರನ್ನು ಕರೆದು ಮಾತಾಡುತ್ತೀರಿ. ಆ ಸಭೆಗೆ ಕೆಲಸ ಹುಡುಕುತ್ತಿರುವ ನಾಲ್ಕು ಜನರನ್ನೂ ಕರೆಯಿರಿ. ಚಿತ್ರದುರ್ಗ, ಬಳ್ಳಾರಿ, ಕಲಬುರಗಿ ಕಡೆಯ ಒಬ್ಬ ಫ್ರೆಶರ್ ಆದರೂ ಅದರಲ್ಲಿ ಇರಲಿ.

ಕಂಪನಿಯವರು ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ನೀವು ಬಳಸುವ ನೇಮಕಾತಿ ಸಾಫ್ಟ್‌ವೇರ್‌ನಲ್ಲಿ "ಆನ್ ಹೋಲ್ಡ್" ಎಂದು ಗುರುತು ಹಾಕಿಟ್ಟ ಹೆಸರುಗಳ ಪಟ್ಟಿ ಇದೆ. ಈ ಸೋಮವಾರ ಅದನ್ನು ತೆರೆಯಿರಿ. ಸಂದರ್ಶನ ಮುಗಿದು ತಿಂಗಳು ದಾಟಿದ ಹೆಸರುಗಳನ್ನು ಬೇರೆ ಮಾಡಿ, ಏನು ತೀರ್ಮಾನ ಆಗಿದೆಯೋ ಅದನ್ನು ಅವರಿಗೆ ಬರೆದು ಕಳಿಸಿ. ತೀರ್ಮಾನ ಆಗಿಲ್ಲದಿದ್ದರೆ ಹಾಗೆಂದೇ ಬರೆಯಿರಿ. ಮೇಲ್‌ನ ಕೆಳಗೆ ಉತ್ತರ ಬರೆಯಬಹುದಾದ ಒಬ್ಬ ಮನುಷ್ಯರ ಹೆಸರು ಇರಲಿ.

ಇಂತಿ,
ಬೆಂಗಳೂರಿನ ಒಬ್ಬ ಬ್ಯಾಕೆಂಡ್ ಇಂಜಿನಿಯರ್